ಬೀಗದವನ ಮೀಸೆ

'ನಿನ್ನ ಇವತ್ತಿನ ಸಮಯ ಮುಗಿಯಿತು. ದೊಡ್ಡವರನ್ನು ಕರೆ' ಎಂದು ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಮೂಡಿದಾಗ, ಊರವರ ಬೀಗಗಳನ್ನೆಲ್ಲ ಬಿಚ್ಚಿ ಹೊಟ್ಟೆ ಹೊರೆಯುವ ಆ ಮನುಷ್ಯ ಒಮ್ಮೆ ಬೆನ್ನ ಹಿಂದೆ ತಿರುಗಿ ನೋಡಿದ. ದೊಡ್ಡವರು ಯಾರೂ ಇರಲಿಲ್ಲ. ಮನೆಯಲ್ಲಿದ್ದ ದೊಡ್ಡವನು ಅವನೊಬ್ಬನೇ.

ಎಡವಟ್ಟು ಬೆಳಿಗ್ಗೆಯೇ ಆಗಿತ್ತು. ರಜೆ ಬಂದರೆ ಸಾಕು, ಮಕ್ಕಳಿಬ್ಬರೂ ಕಂಪ್ಯೂಟರಿಗೆ ಅಂಟಿಕೊಂಡು ಬಿಡುತ್ತಾರೆಂದು ಅದಕ್ಕೊಂದು ಕಾವಲು ಹಾಕಲು ಕುಳಿತಿದ್ದ. ದಿನಕ್ಕೆ ಒಂದೇ ಗಂಟೆ; ಅದಕ್ಕಿಂತ ಹೆಚ್ಚು ಬೇಕೆಂದರೆ ದೊಡ್ಡವರು ಬಂದು ಪಾಸ್‌ವರ್ಡ್ ಹಾಕಬೇಕು. ಕೆಲಸದಲ್ಲಿ ಅವನು ಎರಡು ವಿಷಯಕ್ಕೆ ಬಲು ಕಟ್ಟುನಿಟ್ಟು. ಗಿರಾಕಿ ತನ್ನ ತಿಜೋರಿಗೆ ಗುಟ್ಟಿನ ಅಂಕಿ ಕೂರಿಸುವಾಗ ಇವನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ; ಚಕ್ರ ತಿರುಗುವ ಸದ್ದು ಕೂಡ ಕಿವಿಗೆ ಬೀಳದಿರಲೆಂದು ಗಟ್ಟಿಯಾಗಿ ಯಾವುದೋ ರಾಗ ಗುನುಗುತ್ತಿದ್ದ. ಬೀಗ ಕೂತ ಮೇಲೆ, ತಾನೇ ಹೊರಗೆ ನಿಂತು ಒಮ್ಮೆ ಜಗ್ಗಿ ನೋಡದೆ ಕೂಲಿ ಮುಟ್ಟುತ್ತಿರಲಿಲ್ಲ.

ಮನೆಯ ಕೆಲಸವೆಂದು ಕೈ ಸಡಿಲ ಬಿಡುವವನಲ್ಲ. ಜಗ್ಗಿ ನೋಡಬೇಕಲ್ಲ, ಹಾಗಾಗಿ ಮಕ್ಕಳ ಹೆಸರಿನ ಕೆಳಗೆ ತನ್ನ ಹೆಸರನ್ನೂ ಸೇರಿಸಿ ವಯಸ್ಸು ಏಳು ಎಂದು ಬರೆದ. ಪಾಸ್‌ವರ್ಡ್ ಹಾಕಲು ಹೆಂಡತಿಯನ್ನು ಕರೆದ. ಮನೆಯೊಡತಿ ಅವಳು, ಕೀಲಿ ಅವಳ ಕೈಯಲ್ಲಿರಬೇಕು. ಆಸ್ಪತ್ರೆಯ ನರ್ಸ್ ಆಗಿದ್ದ ಅವಳು ಡ್ಯೂಟಿಗೆ ಹೊರಟು, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಬಂದು ಟೈಪ್ ಮಾಡಿ ಓಡಿದಳು. ಅಷ್ಟು ಹೊತ್ತೂ ಇವನು ಗೋಡೆ ನೋಡುತ್ತ ಗುನುಗುತ್ತಿದ್ದ.

ಆಮೇಲೆ ಮಕ್ಕಳನ್ನು ಕರೆದು "ಎಲ್ಲಿ, ತೆಗೀರಿ ನೋಡೋಣ" ಎಂದಿದ್ದ. ಎರಡು ಜಡೆಯ ಮಗಳು ಬೆಕ್ಕಿನ ಹೆಸರು ಹಾಕಿದಳು, ಅತ್ತೆಯ ಹೆಸರು ಹಾಕಿದಳು, ಟೀಚರ್ ಹೆಸರು ಹಾಕಿದಳು. ಯಾವುದಕ್ಕೂ ಕಂಪ್ಯೂಟರ್ ಜಗ್ಗಲಿಲ್ಲ. ಚಿಕ್ಕವನು ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನ ಕಾಲು ತುಳಿದಳು. "ನಮ್ ಕೈಲಿ ಆಗಲ್ಲ ಅಪ್ಪ, ತುಂಬಾ ಗಟ್ಟಿ ಇದೆ" ಎಂದಳು. ಪಟ್ಟಿಯಲ್ಲಿ ತನ್ನ ಹೆಸರೂ ಉಳಿದಿರುವುದನ್ನು ಮರೆತು ಅಪ್ಪ ಮೀಸೆಯ ಮೇಲೆ ಕೈಯಾಡಿಸಿಕೊಂಡ.

ಈಗ ಆ ಮೀಸೆಗೇ ಕುತ್ತು ಬಂದಿತ್ತು. ಎದುರು ಸಾಲಿನ ಕ್ಷೌರದಂಗಡಿಯವನೂ ಇವನೂ ಕಂಪ್ಯೂಟರಿನ ಆಟವೊಂದರಲ್ಲಿ ಪೈಪೋಟಿಗೆ ಬಿದ್ದು ಟೊಮೆಟೊ ಬೆಳೆಯುತ್ತಿದ್ದರು. ಇಂದು ಸಂಜೆ ಆರರೊಳಗೆ ಯಾರು ಕಿತ್ತ ಬೆಳೆ ಹೆಚ್ಚೋ ಅವರು ಗೆದ್ದಂತೆ. ಸೋತವನ ಮೀಸೆ ಬೋಳಿಸುವುದು. ಇವನ ಹೊಲ ಕೆಂಪಗೆ ತೂಗುತ್ತಿತ್ತು. ಆದರೆ ನೀರು ಬಿಡುವುದರಲ್ಲೇ ಆ ಒಂದು ಗಂಟೆ ತೀರಿಹೋಗಿ, ಕೀಳಲು ಹೊತ್ತೇ ಉಳಿದಿರಲಿಲ್ಲ. ಹೆಂಡತಿ ಆಪರೇಷನ್ ಥಿಯೇಟರಿನ ಒಳಗಿದ್ದಳು, ಅವಳ ಫೋನು ಆಸ್ಪತ್ರೆಯ ಕಪಾಟಿನ ಒಳಗೆ. ಕಂಪ್ಯೂಟರಿನ ಬೆನ್ನಿಗೆ ಟಾರ್ಚ್ ಹಿಡಿದು ನೋಡಿದ. ತೂತುಗಳೇನೋ ಬೇಕಾದಷ್ಟಿದ್ದವು, ಕೀಲಿ ತೂರಿಸುವಂಥದು ಒಂದೂ ಇರಲಿಲ್ಲ. ಕಿಟಕಿಯಾಚೆ ಕ್ಷೌರದವನು ಖಾಲಿ ಕುರ್ಚಿಯನ್ನು ಇವನ ಮನೆಯ ಕಡೆಗೇ ತಿರುಗಿಸಿಟ್ಟು, ಟವೆಲ್ ಒದರಿ, ಗಾಳಿಯಲ್ಲಿ ಕತ್ತರಿಯಾಡಿಸಿ ತೋರಿಸಿದ.

ಮಾನ ಬಿಟ್ಟು ಮಕ್ಕಳನ್ನು ಕೂಗಿದ. ಇಬ್ಬರೂ ಬೆಳಿಗ್ಗೆಯಿಂದ ನೆಲದ ಮೇಲೆ ಕೂತು, ಅಂಗಡಿಯ ತುಕ್ಕು ಹಿಡಿದ ಬೀಗಗಳನ್ನು ಒಂದಕ್ಕೊಂದು ಸಿಕ್ಕಿಸಿ ರೈಲು ಮಾಡಿಕೊಂಡು ಆಡುತ್ತಿದ್ದರು. ಬೆಳಿಗ್ಗೆ ಯಾವ್ಯಾವ ಹೆಸರು ಹಾಕಿದಿರಿ, ಇನ್ನೂ ಯಾವುದಾದರೂ ಹೊಳೆಯುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಅಕ್ಕಂಗೆ ಗೊತ್ತು" ಎಂದ ಚಿಕ್ಕವನು. ಈ ಸಲ ಅಕ್ಕ ಕಾಲು ತುಳಿಯಲಿಲ್ಲ.

"ಅಮ್ಮ ಏನು ಬರೆದ್ರೂ ಬಾಯಲ್ಲಿ ಹೇಳ್ಕೊಂಡೇ ಬರೀತಾಳಲ್ಲಪ್ಪ" ಎಂದಳು ಮಗಳು. "ನೀನು ಹಾಡ್ತಾ ಇದ್ದೆ, ನಿಂಗೆ ಕೇಳಿಸ್ಲಿಲ್ಲ."

"ಮತ್ತೆ ಬೆಕ್ಕಿನ ಹೆಸರು ಯಾಕೆ ಹಾಕ್ದೆ?"

ಮಗಳು ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನೀನು ಅಷ್ಟು ಖುಷಿಯಾಗಿ ಬೀಗ ಹಾಕಿದ್ದೆ. ಒಂದೇ ಸಲಕ್ಕೆ ತೆಗೆದುಬಿಟ್ರೆ ನಿಂಗೆ ಬೇಜಾರಾಗಲ್ವಾ?"

ಬೀಗದವನು ನೆಲದ ಮೇಲಿದ್ದ ಬೀಗದ ರೈಲನ್ನು ನೋಡಿದ. ಇಂಜಿನ್ನಿನ ಜಾಗದಲ್ಲಿ ಅವನದೇ ಹಳೆಯ ತಿಜೋರಿ ಬೀಗವಿತ್ತು. ಹೊರಗೆ ಕತ್ತರಿ ಮತ್ತೆ ಕಚಕಚ ಎಂದಿತು.

"ಸರಿ ಮಗಳೇ, ಬೇಗ ಹೇಳು."

"ಹೇಳಲ್ಲ. ಹಾಕಿ ಕೊಡ್ತೀನಿ. ಟೊಮೆಟೊ ಕೀಳೋಕೆ ಎಷ್ಟು ಬೇಕೋ ಅಷ್ಟೇ ಹೊತ್ತು, ಆಮೇಲೆ ಎದ್ದುಬಿಡಬೇಕು" ಎಂದು ಮಗಳು ಕುರ್ಚಿ ಹತ್ತಿ ಕೂತಳು. ಬೆರಳುಗಳನ್ನು ಕೀಗಳ ಮೇಲಿಟ್ಟಳು, ಆದರೆ ಒತ್ತಲಿಲ್ಲ. ಕತ್ತು ಹೊರಳಿಸಿ ಅಪ್ಪನನ್ನೇ ನೋಡುತ್ತ ಕಾದಳು.

"ಆ ಕಡೆ ತಿರುಗು ಅಪ್ಪ."

ಅವನು ತಿರುಗಿದ.

"ಹಾಡು" ಎಂದ ಚಿಕ್ಕವನು.

ಬೀಗದವನು ಗೋಡೆಗೆ ಮುಖ ಮಾಡಿ ನಿಂತು, ಎರಡೂ ಕೈಯಿಂದ ಮೀಸೆ ಮುಚ್ಚಿಕೊಂಡು, ಗಟ್ಟಿಯಾಗಿ ಗುನುಗತೊಡಗಿದ.