ಬಲೆಯ ಮೇಲೆ ಹರಿದ ಚಕ್ರ

“ರೀ, ಹಿಂದ ನೋಡಬ್ಯಾಡ್ರಿ, ಜೋರ್ ತುಳೀರಿ! ಅವರು ಸ್ಕೂಟರ್ ಹತ್ತಿ ಬರಾಕತ್ತಾರ!” ಎಂದಳು ಹೆಂಡತಿ.

ಶಿವಯೋಗಿ ತುಳಿದ. ಕಡಲದಂಡೆ ನೋಡಲೆಂದು ಹುಬ್ಬಳ್ಳಿಯಿಂದ ಒಂದೊಂದು ಸೈಕಲ್ ಹತ್ತಿ ಬಂದ ಗಂಡಹೆಂಡಿರಿಗೆ ಬೆಳಿಗ್ಗೆಯೆಲ್ಲ ಹಬ್ಬವೇ ಆಗಿತ್ತು. ದಡದಲ್ಲಿ ಮೀನುಗಾರರು ದೊಡ್ಡ ಬಲೆ ಎಳೆಯುವುದನ್ನು ಕಂಡು, ಹುರುಪಿಗೆ ತಾವೂ ಹಗ್ಗಕ್ಕೆ ಕೈಹಚ್ಚಿದ್ದರು. ಎಡವಟ್ಟಾದದ್ದು ಹೊರಡುವಾಗ. ಮರಳ ಮೇಲೆ ಒಣಹಾಕಿದ್ದ ಇನ್ನೊಂದು ಬಲೆಗೆ ಶಿವಯೋಗಿಯ ಸೈಕಲ್ ಸಿಕ್ಕಿ, ಬಲೆ ಪರ್ರನೆ ಹರಿಯಿತು. “ಏಯ್, ನಿಲ್ಲಿ!” ಎಂದು ಯಾರೋ ಕೂಗಿದರು. ನಿಲ್ಲುವ ಧೈರ್ಯ ಯಾರಿಗಿತ್ತು?

“ಹಿಂದ ಕುಂತಾಂವನ ಕೈಯಾಗ ಕತ್ತಿ ಐತ್ರಿ...” ಅವಳ ದನಿ ಅಳುವಂತಿತ್ತು.

ಸೇತುವೆಯ ಏರಿನಲ್ಲಿ ಶಿವಯೋಗಿಯ ಕಾಲು ಸೋತಿತು. ಸ್ಕೂಟರ್ ಅಡ್ಡ ಬಂದು ನಿಂತಿತು. ಮುದುಕನೊಬ್ಬ ಕತ್ತಿ ಹಿಡಿದೇ ಕೆಳಗಿಳಿದ.

“ಯಜಮಾನ್ರ, ತಪ್ಪಾತ್ರಿ. ಬಲೆ ಹರದಾಂವ ನಾನು. ಆಕೀಗೆ ಏನೂ ಮಾಡಬ್ಯಾಡ್ರಿ,” ಎಂದು ಶಿವಯೋಗಿ ಕೈಮುಗಿದ.

“ಎಂಥಾ ಓಟ ಮಾರಾಯ್ರೆ ನಿಮ್ದು!” ಮುದುಕ ಬೆವರು ಒರೆಸಿಕೊಂಡ. “ಬಲೆ ಹರಿದ್ರೆ ಹೊಲೀಲಿಕ್ಕೆ ಬರ್ತದೆ. ಹಗ್ಗ ಎಳೆದವ್ರು ತಮ್ಮ ಮೀನಿನ ಪಾಲು ಬಿಟ್ಟು ಹೋದ್ರೆ, ನಾಳೆ ನಾವು ಕಡಲಿಗೆ ಮುಖ ತೋರ್ಸೂದು ಹ್ಯಾಂಗೆ?”

ಅವನು ಸ್ಕೂಟರಿನ ಮೇಲಿದ್ದ ಗೋಣಿಚೀಲದ ಹುರಿಯನ್ನು ಕತ್ತಿಯಿಂದ ಕೊಯ್ದು, ಹುಟ್ಟಿದಾಗಿನಿಂದ ಮೀನು ಮುಟ್ಟದ ಶಿವಯೋಗಿಯ ಸೈಕಲ್ ಬುಟ್ಟಿಗೆ ತುಂಬಿ ತುಳುಕುವಷ್ಟು ಬಂಗುಡೆ ಸುರಿದ.