ಮಾವನ ಕಾಲ್ಗುಣ

ಮಾವ ಚಹಾದ ಲೋಟ ತಂದು ಮೇಜಿನ ಮೇಲಿಟ್ಟು ಎರಡು ಮಾತಾಡುವಷ್ಟರಲ್ಲಿ ಸೊಸೆಯ ಕಂಪ್ಯೂಟರ್ ಕಲ್ಲಾಯಿತು. ಪರದೆಯ ಮೇಲೆ ಅವಳು ಮಾಡುತ್ತಿದ್ದ ಕಾರ್ಟೂನಿನ ಬಸವನಹುಳು ಅರ್ಧ ದಾರಿಯಲ್ಲೇ ನಿಂತಿತು. ಮೌಸ್ ಎಷ್ಟು ಅಲ್ಲಾಡಿಸಿದರೂ ಬಾಣ ಮಿಸುಕಲಿಲ್ಲ. ಈ ವಾರದಲ್ಲಿ ಇದು ನಾಲ್ಕನೆಯ ಸಲ. ನಾಲ್ಕೂ ಸಲ ಮಾವ ಚಹಾ ತಂದಾಗಲೇ.

"ಬೇಜಾರು ಮಾಡ್ಕೋಬೇಡಿ ಮಾವ. ಇವತ್ತು ಸಂಜೆ ಐದಕ್ಕೆ ಈ ಕಾರ್ಟೂನ್ ಕೊಡಬೇಕು. ಅಲ್ಲೀವರೆಗೂ ಈ ರೂಮಿಗೆ ಬರಬೇಡಿ. ನಿಮ್ಮ ಕಾಲ್ಗುಣ ಯಾಕೋ ಸರಿಯಿಲ್ಲ," ಎಂದಳು ಸೊಸೆ.

ಕಾಲ್ಗುಣದ ದೂರನ್ನು ಸೊಸೆಯರ ತಲೆಗೆ ಕಟ್ಟುವುದನ್ನು ಲೋಕ ಕಂಡಿದೆ. ಮಾವನ ತಲೆಗೆ ಕಟ್ಟಿದ್ದು ಈ ಮನೆಯಲ್ಲೇ ಮೊದಲಿರಬೇಕು. ಮಾವನಿಗೆ ನಗು ಬಂತು, ಅದರ ಹಿಂದೆಯೇ ಸಂಕಟವೂ ಆಯಿತು. ಮೂವತ್ತೆಂಟು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ. ಹೆಂಡತಿ, ಮಗ ಕೆಲಸಕ್ಕೆ ಹೊರಟ ಮೇಲೆ ಇಡೀ ದಿನದಲ್ಲಿ ಅವರು ಕಾಯುತ್ತಿದ್ದದ್ದು ಹನ್ನೊಂದು ಗಂಟೆಯ ಈ ಚಹಾಕ್ಕೆ, ಜೊತೆಗಿನ ಹರಟೆಗೆ. ಅದೂ ಹೋದರೆ ಗೋಡೆಯ ಜೊತೆ ಮಾತಾಡಬೇಕು.

ಬಾಗಿಲಾಚೆ ನಿಂತು ಕೇಳಿದರು: "ಅಲ್ಲಮ್ಮಾ, ನಾನು ಬಂದಾಗ ನೀನೇನು ಮಾಡ್ತೀಯ?"

"ಕೆಲಸ ಬಿಟ್ಟು ಚಹಾ ಕುಡೀತೀನಿ, ಹರಟೆ ಹೊಡೀತೀನಿ."

"ಊಟಕ್ಕೆ ಎದ್ದಾಗ?"

"ಆಗ ಕಂಪ್ಯೂಟರಿಗೊಂದು ದೊಡ್ಡ ಕೆಲಸ ಹಚ್ಚಿಟ್ಟೇ ಬರೋದು."

"ಹಂಗಾದ್ರೆ ಯಂತ್ರಕ್ಕೆ ಬಿಡುವು ಸಿಗೋದು ನಾನು ಬಂದಾಗ ಮಾತ್ರ. ನಾನು ಬೀದಿಗೆ ಹೋಗಿ ನಿಲ್ತೀನಿ, ನೀನು ಅದನ್ನ ಮತ್ತೆ ಶುರುಮಾಡಿ, ಕೈಕಟ್ಟಿ ಸುಮ್ನೆ ಕೂತು ನೋಡು."

ಮಾವ ಮೂರು ಮಹಡಿ ಇಳಿದರು. ಊರಿನ ಲಿಫ್ಟುಗಳನ್ನೆಲ್ಲ ಸರಿಮಾಡಿದವರ ಮನೆಗೇ ಲಿಫ್ಟಿರಲಿಲ್ಲ. ಎದುರಿನ ಹೊಲಿಗೆ ಅಂಗಡಿಯ ಮುಂದೆ ನಿಂತು ಕಿಟಕಿಯನ್ನೇ ನೋಡಿದರು. ಹತ್ತು ನಿಮಿಷಕ್ಕೆ ಸೊಸೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು.

"ಮಾವಾ, ಮತ್ತೆ ನಿಂತೋಯ್ತು!"

ಮನೆಯ ಯಂತ್ರ ಕೆಟ್ಟ ಸುದ್ದಿಗೆ ಇಷ್ಟು ಹಿಗ್ಗಿದ ಮಾವ ಇನ್ನೊಬ್ಬರು ಇರಲಿಕ್ಕಿಲ್ಲ. ಮೊಣಕಾಲು ನೋವನ್ನೂ ಮರೆತು ಮೆಟ್ಟಿಲು ಹತ್ತಿ ಬಂದರು. ಬಂದವರು ಹೊಸ್ತಿಲಲ್ಲೇ ನಿಂತರು.

ಸೊಸೆಗೆ ಆಗಲೇ ತನ್ನ ಕೈವಾಡ ನೆನಪಾಗಿತ್ತು. ಕೆಲಸ ಬೇಗ ಮುಗಿಯಲೆಂದು ಹೋದ ವಾರ ಅವಳೇ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಿದ್ದಳು, ಅಂದರೆ ಅದರ ಶಕ್ತಿಗೆ ಮೀರಿದ ವೇಗಕ್ಕೆ ಹಚ್ಚಿದ್ದಳು.

"ಕೆಲಸ ಇಲ್ದಾಗ, ಇದನ್ನ ನಡೆಸೋ ಲಿನಕ್ಸ್ ಸಾಫ್ಟ್‌ವೇರೇ ಇದನ್ನ ಮಲಗಿಸುತ್ತೆ ಮಾವ, ಕರೆಂಟ್ ಉಳಿಸೋಕೆ. ವೋಲ್ಟೇಜ್ ಇಳಿಯುತ್ತೆ. ಎದ್ದ ತಕ್ಷಣ ನಾನು ಹೇಳಿದ ವೇಗಕ್ಕೆ ಓಡು ಅಂದ್ರೆ, ಪಾಪ, ಹೇಗೆ ಓಡುತ್ತೆ?"

"ಲಿಫ್ಟೂ ಹಂಗೇ. ಓಡ್ತಾ ಕೆಡೋದು ಕಡಿಮೆ, ನಿಂತದ್ದು ಹೊರಡುವಾಗ ಕೈಕೊಡುತ್ತೆ. ಈಗೇನು ಮಾಡ್ತೀಯ?"

"ಒಂದೋ ಅದನ್ನ ಮಲಗೋಕೇ ಬಿಡಬಾರದು, ಅಂದ್ರೆ ಚಹಾ ಹೊತ್ತಲ್ಲೂ ಕೆಲಸ ನಿಲ್ಲಿಸಬಾರದು. ಇಲ್ಲ, ನಾನು ದುರಾಸೆ ಬಿಡಬೇಕು. ವೇಗ ಇಳಿಸಿದ್ರೆ ಕಾರ್ಟೂನ್ ತಯಾರಾಗೋಕೆ ಕಾಲು ಗಂಟೆ ಹೆಚ್ಚು ಬೇಕು."

ಮಾವ ಗಡಿಯಾರ ನೋಡಿದರು. ಐದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಆದರೆ ತನ್ನ ಚಹಾದ ಪರ ತಾನೇ ವಕಾಲತ್ತು ವಹಿಸುವುದು ಹೇಗೆ?

ಸೊಸೆ ಕಂಪ್ಯೂಟರನ್ನು ಮತ್ತೆ ಶುರುಮಾಡಿ ವೇಗವನ್ನು ಮೊದಲಿನಷ್ಟಕ್ಕೆ ಇಳಿಸಿದಳು. ಬಸವನಹುಳು ಮೆಲ್ಲಗೆ ಹೊರಟಿತು. ಆರಿದ ಚಹಾದ ಲೋಟವನ್ನು ಹೊಸ್ತಿಲಿಗೆ ತಂದು ಮಾವನ ಕೈಗಿತ್ತಳು.

"ಆ ಕಾಲು ಗಂಟೆ ನಮ್ಮದು ಮಾವ. ಬಿಸಿ ಮಾಡಿ ತನ್ನಿ, ಇಬ್ಬರಿಗೂ. ಬರುವಾಗ ಬಲಗಾಲಿಟ್ಟೇ ಒಳಗೆ ಬನ್ನಿ."