ಕಾಲು ಅಲ್ಲಾಡಿಸುವ ಶಾಸ್ತ್ರ

ಮನುಷ್ಯರ ಕಣ್ಣು ಕಪ್ಪೆಯ ಕಣ್ಣಿನಂತಾಗಿ ಎರಡು ತಲೆಮಾರು ಕಳೆದಿತ್ತು. ಅಲ್ಲಾಡಿದ್ದು ಮಾತ್ರ ಕಾಣುತ್ತಿತ್ತು, ಸುಮ್ಮನಿದ್ದದ್ದು ಇದ್ದಲ್ಲೇ ಮಾಯ. ಹಾಗಾಗಿ ತಿಪಟೂರಿನಲ್ಲಿ ಕುಮುದಾಳ ಫ್ಯಾನ್ ಅಂಗಡಿಗೆ ಬಿಡುವೇ ಇರಲಿಲ್ಲ. ಗಾಳಿಯಿಲ್ಲದ ಮನೆಯಲ್ಲಿ ಪರದೆಯೂ ಕಾಣದು, ಕ್ಯಾಲೆಂಡರೂ ಕಾಣದು.

ಹೆಣ್ಣು ನೋಡುವವರು ಬಂದ ದಿನ ಅಮ್ಮ ಎಲ್ಲ ಅಮ್ಮಂದಿರಂತೆ ಕಿವಿಯಲ್ಲಿ ಹೇಳಿದಳು, "ಕಾಲು ಅಲ್ಲಾಡಿಸ್ತಾ ಕೂತ್ಕೊಳೇ. ಸುಮ್ನೆ ಕೂತ್ರೆ ದರಿದ್ರ."

ಕುಮುದಾ ಹಾಗೇ ಕೂತಳು. ಎದುರಿಗೆ ಹುಡುಗ ಮನೋಹರನೂ ಮರ್ಯಾದೆಯಾಗಿ ಮಂಡಿ ಕುಣಿಸುತ್ತಿದ್ದ. ಬಜ್ಜಿ ಕೊಟ್ಟಾದ ಮೇಲೆ ಅಮ್ಮ ಕಾಫಿ ಬೆರೆಸಲು, ಅಪ್ಪ ಎಲೆ ಅಡಿಕೆ ತರಲು ಒಳಗೆ ಹೋದದ್ದೇ, ಅವಳು ಕಾಲು ನಿಲ್ಲಿಸಿ ಉಸಿರು ಬಿಗಿಹಿಡಿದಳು.

"ಹುಡುಗಿನೂ ಒಳಗೆ ಹೋದ್ಲು ಅನ್ಸುತ್ತೆ," ಎಂದು ಹುಡುಗನ ತಾಯಿ ದನಿ ತಗ್ಗಿಸಿದರು. "ಮದ್ವೆ ಒಂದಾಗ್ಲಿ, ಆ ಅಂಗಡಿ ಮುಚ್ಚಿಸಿಬಿಡೋಣ. ಏನೋ, ಸರಿ ತಾನೆ?"

ಮನೋಹರನ ಮಂಡಿ ನಿಂತಿತು. ಕುಮುದಾ ಕಾದಳು. ಅವನು ಹೂಂ ಎಂದು ತಲೆಯಾಡಿಸಲಿಲ್ಲ, ಊಹೂಂ ಎಂದೂ ಆಡಿಸಲಿಲ್ಲ. ಅವನು ಕೂತಿದ್ದ ಜಾಗ ನಿಧಾನವಾಗಿ ಖಾಲಿಯಾಯಿತು.

ಅಪ್ಪ ಎಲೆ ಅಡಿಕೆ ತಟ್ಟೆಯೊಂದಿಗೆ ಬಂದು ಕೇಳಿದರು, "ಹುಡುಗನ್ನ ಸರಿಯಾಗಿ ನೋಡಿದ್ಯಾಮ್ಮ?"

ಕುಮುದಾ ಎದ್ದು ನಿಂತಳು. ಹುಡುಗನ ತಾಯಿಯ ಕೈಯಿಂದ ಬಜ್ಜಿ ಜಾರಿ ಬಿತ್ತು.

"ಆಗ್ಲೇ ನೋಡಿದೆ ಅಪ್ಪ, ಚೆನ್ನಾಗೇ ಇದ್ರು," ಎಂದಳು. "ಅಂಗಡಿ ಮುಚ್ಚಿಸೋ ಮಾತು ಬಂತು ನೋಡಿ, ಆವಾಗಿಂದ ಕಾಣಿಸ್ತಾ ಇಲ್ಲ."